ಬೀಜದ ಭಿಕ್ಷೆ

ತೊರೆಹಾಳದ ಮಠವೆಂದರೆ ಈಗಿನ ಭಕ್ತರ ಕಣ್ಣಿಗೆ ಮೊದಲು ಬರುವುದು ಕಲ್ಲಿನ ಹೆಬ್ಬಾಗಿಲು, ಅದರ ಮೇಲಿನ ನಗಾರಿ, ನೂರಾರು ಜನ ಒಟ್ಟಿಗೆ ಕೂತು ಉಣ್ಣುವ ದಾಸೋಹದ ಮನೆ. ಪೂಜ್ಯ ಶ್ರೀ ಗಿರಿಮಲ್ಲಯ್ಯ ಅಜ್ಜನವರ ಕಾಲಕ್ಕೆ ಇವೊಂದೂ ಇರಲಿಲ್ಲ. ಹಳ್ಳದ ದಂಡೆಗೆ ಎರಡು ಅಂಕಣದ ಮಣ್ಣಿನ ಮನೆ, ಒಳಗೆ ಹಿಂದಿನ ಗುರುಗಳ ಗದ್ದುಗೆ, ಗದ್ದುಗೆಯ ಮುಂದೆ ಒಂದು ದೀಪ, ಅಷ್ಟೆ. ಮಠದ ವೈಭವವೆಲ್ಲ ಹಿಂದಿನ ಹಿತ್ತಲಲ್ಲಿತ್ತು. ದರ್ಶನಕ್ಕೆಂದು ಬಂದ ಪರ ಊರಿನವರು ಗದ್ದುಗೆಯ ಮುಂದೆ ಕಾಯ್ದು ಸಾಕಾಗಿ ಹಿಂದಕ್ಕೆ ಹೋದರೆ, ಕಾವಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಬದನೆಯ ಮಡಿಗೆ ನೀರು ತಿರುವುತ್ತಿದ್ದ ಮುದುಕರೊಬ್ಬರು ಕಾಣುತ್ತಿದ್ದರು. ಸ್ವಾಮಿಗಳು ಎಲ್ಲಿದ್ದಾರೆಂದು ಅವರನ್ನೇ ಕೇಳಿ, ಅವರ ಕೈಯಿಂದಲೇ ಒಂದು ಹಿಡಿ ಮೆಂತ್ಯ ಸೊಪ್ಪು ಇಸಿದುಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಸಂಗತಿ ತಿಳಿದು ಪೆಚ್ಚಾದವರು ಒಬ್ಬಿಬ್ಬರಲ್ಲ.

ಅಜ್ಜನವರು ಕಾಳುಕಡಿಯ ಭಿಕ್ಷೆಗೆ ಹೊರಟವರಲ್ಲ; ಅದು ತಾನಾಗಿ ಮಠಕ್ಕೆ ಬರುತ್ತಿತ್ತು. ಅವರು ಬೇಡುತ್ತಿದ್ದುದು ಬೀಜದ ಭಿಕ್ಷೆ, ಅದೂ ವರ್ಷಕ್ಕೆ ಒಂದೇ ಸಲ. ಮಾಘ ಮಾಸ ಕೊನೆಗೆ ಬಂದು ಬೆಳಗಿನ ಚಳಿ ಸಡಿಲಾಗಿ, ಬೇವಿನ ಹಳೆಯ ಎಲೆ ಉದುರಿ, ಹಳ್ಳದಾಚೆಯ ಮುತ್ತುಗದ ಗಿಡಗಳು ಕೆಂಪೇರತೊಡಗಿದಾಗ ಜೋಳಿಗೆಯನ್ನು ಹೆಗಲಿಗೆ ಹಾಕಿ ಊರ ಓಣಿಗಳನ್ನು ಹಿಡಿಯುತ್ತಿದ್ದರು. ಬೇಸಿಗೆಯ ಕಾಯಿಪಲ್ಲೆಗೆ ಬೀಜ ಹಾಕುವ ಹೊತ್ತು ಅದು. ಒಂದು ಮನೆಯ ಹೀರೆ, ಇನ್ನೊಂದು ಮನೆಯ ಕುಂಬಳ, ಮತ್ತೊಂದರ ಚವಳಿ, ಹೀಗೆ ಪ್ರತಿ ಬಾಗಿಲಲ್ಲೂ ಒಂದು ಚಿಟಿಕೆ. ನೀಡಲು ಬಂದವರನ್ನು ಕೇಳುತ್ತಿದ್ದುದು ಒಂದೇ ಮಾತು: "ಯಾರ ಬೀಜ?" ಆ ಬೀಜವನ್ನು ಜತನ ಮಾಡಿ ತೆಗೆದಿಟ್ಟವರ ಹೆಸರನ್ನು ಆಗ ಹೇಳಬೇಕು. ಅತ್ತೆಯದಾದರೆ ಅತ್ತೆಯ ಹೆಸರು, ಸತ್ತುಹೋದ ಮುತ್ತಜ್ಜಿಯದಾದರೆ ಮುತ್ತಜ್ಜಿಯ ಹೆಸರು. ಮಠದ ಹಿತ್ತಲಲ್ಲಿ ಗುಣಿಗೆ ಬೀಜ ಹಾಕುವಾಗ ಅಜ್ಜನವರು ಆ ಹೆಸರನ್ನು ಮೆಲ್ಲಗೆ ಹೇಳಿ, ಕೈಮುಗಿದು, ಆಮೇಲೆ ಮಣ್ಣು ಮುಚ್ಚುತ್ತಿದ್ದರು. ಬೆಳೆದದ್ದೆಲ್ಲ ದಾಸೋಹಕ್ಕೆ ಹೋಗುತ್ತಿತ್ತು. ಮರುವರ್ಷಕ್ಕೆಂದು ಒಂದು ಬೀಜವನ್ನೂ ಮಠದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೀಗೇಕೆಂದು ಶಿಷ್ಯರು ಕೇಳಿದ್ದಕ್ಕೆ, ಮಠ ಬೇಡುತ್ತಿದ್ದರೆ ಮನೆಗಳು ಬೀಜ ಇಡುತ್ತವೆ ಎಂದಿದ್ದರಂತೆ.

ಅದೇ ಊರಿನಲ್ಲಿ ಕಂಬಾರ ಮಾನಪ್ಪನೆಂಬವನಿದ್ದ. ಊರ ಹಿತ್ತಲುಗಳಲ್ಲಿ ಆಡುವ ಕುರ್ಪಿ, ಗುದ್ದಲಿ, ಕುಡುಗೋಲುಗಳೆಲ್ಲ ಅವನ ಕುಲುಮೆಯಲ್ಲಿ ಹುಟ್ಟಿದವು. ಆದರೆ ಅವನು ತಾನಾಗಿ ಒಂದು ಮೆಣಸಿನ ಸಸಿಯನ್ನೂ ನೆಟ್ಟವನಲ್ಲ. ಮಣ್ಣಿನ ಕೆಲಸ ಹೆಂಗಸರದೆಂದು ಅವನ ತಿಳಿವಳಿಕೆ. ಮನೆಯ ಹಿಂದಿನ ಹಿತ್ತಲು ಹೆಂಡತಿಯದು. ಆಕೆ ಅಲ್ಲಿ ಬೆಳೆದದ್ದನ್ನು ರೊಟ್ಟಿಯ ಜೊತೆ ತಿನ್ನುವುದು ಮಾತ್ರ ಅವನದು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಕಬ್ಬಿಣದ ಜೊತೆ ಇದ್ದು ಇದ್ದು ಮಾತೂ ಹಾಗೇ ಆಗಿತ್ತು.

ನಮ್ಮ ಕಡೆ ಗಂಡಹೆಂಡಿರು ಒಬ್ಬರ ಹೆಸರನ್ನೊಬ್ಬರು ಹೇಳುವ ರೂಢಿ ಇಲ್ಲ. ಮದುವೆಯಾಗಿ ಮನೆಯೊಳಗೆ ಕಾಲಿಡುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಪ್ರಾಸದ ಒಡಪು ಕಟ್ಟಿ, ಅದರಲ್ಲಿ ಹೆಸರು ಹೇಳಿದರೆ ಮಾತ್ರ ದಾರಿ ಬಿಡುತ್ತಾರೆ. ಮಾನಪ್ಪನಿಗೆ ಒಡಪು ಬರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ಎದುರು ನಿಂತ ಹೆಂಗಸರಿಗೂ ಸರಿಯಾಗಿ ಕೇಳದ ಹಾಗೆ, ಹೆಸರೊಂದನ್ನು ಗೊಣಗಿ ಒಳಗೆ ನುಗ್ಗಿದ್ದ. ಮುಂದೆ ಇಪ್ಪತ್ತೊಂಬತ್ತು ವರ್ಷ "ಏ", "ಇಲ್ನೋಡ", "ನಮ್ಮಾಕಿ" ಎನ್ನುವುದರಲ್ಲೇ ಸಂಸಾರ ಸಾಗಿತು. ಆ ತಾಯಿಯ ಹೆಸರನ್ನು ನಾವೂ ಈಗಲೇ ಹೇಳುವುದು ಬೇಡ. ಹೇಳಬೇಕಾದವನು ಹೇಳಲಿ.

ಆಕೆ ತವರಿನಿಂದ ಸೆರಗಿನ ತುದಿಗೆ ಕಟ್ಟಿಕೊಂಡು ಬಂದದ್ದು ಒಂದು ಸೌತೆಯ ಬೀಜ. ಕಾಯಿ ಗೇಣುದ್ದಕ್ಕಿಂತ ಚಿಕ್ಕದು, ತಿಳಿಹಸಿರು, ಮೈಮೇಲೆ ಬಿಳಿಯ ಗೆರೆ. ಎಲ್ಲ ಸೌತೆಗೂ ತೊಟ್ಟಿನ ಕಡೆ ಕಹಿ ಇರುತ್ತದೆ. ಅಲ್ಲಿ ಕೊಯ್ದು, ಕೊಯ್ದ ತುಂಡಿನಿಂದಲೇ ತಿಕ್ಕಿ, ನೊರೆ ತೆಗೆದು ತಿನ್ನುವುದು ಎಲ್ಲರ ಮನೆಯ ಪದ್ಧತಿ. ಈ ಸೌತೆಗೆ ಆ ಉಪಚಾರ ಬೇಕಿರಲಿಲ್ಲ. ತೊಟ್ಟಿನ ತನಕ ಸಿಹಿ. ಕಂಬಾರರ ಮನೆಯವರು ಬೇಕೆಂದೇ ತೊಟ್ಟಿನ ಕಡೆಯಿಂದ ಕಚ್ಚುತ್ತಿದ್ದರು. ಮಗಳು ರಾಚವ್ವನಿಗೆ ಚಿಕ್ಕಂದಿನಿಂದ ಅದೇ ರೂಢಿ. ಊರವರೆಲ್ಲ ಆಕೆಯಿಂದ ಬೀಜ ಒಯ್ದು ಹಾಕುತ್ತಿದ್ದರು, ಆದರೆ ಒಂದೆರಡು ಕಾಯನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಲಿಯಲು ಬಿಡುವ ತಾಳ್ಮೆ ಯಾರಿಗೂ ಇರಲಿಲ್ಲ. ಎಳೆಯದಿರುವಾಗಲೇ ಎಲ್ಲವೂ ಹೊಟ್ಟೆಗೆ ಹೋಗುತ್ತಿದ್ದವು. ಮುಂದಿನ ವರ್ಷಕ್ಕೆ ಆಕೆ ಇದ್ದೇ ಇದ್ದಾಳಲ್ಲ ಎಂಬ ಧೈರ್ಯ.

ಆಕೆ ಮಾತ್ರ ಪ್ರತಿ ವರ್ಷ ಚೆಂದದ ಕಾಯಿಗೆ ಹಳೆಯ ಸೀರೆಯ ಚೂರು ಕಟ್ಟಿ, ಇದನ್ನು ಯಾರೂ ಮುಟ್ಟಬಾರದು ಎಂದು ಗುರುತು ಮಾಡುತ್ತಿದ್ದಳು. ಅದು ಹಣ್ಣಾಗಿ ಹಳದಿ ತಿರುಗಿದ ಮೇಲೆ ಬೀಜ ತೆಗೆದು ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ ಇಟ್ಟುಕೊಂಡು, ದೀಪಾವಳಿಗೆ ಮನೆ ಸಾರಿಸಲು ಸಗಣಿ ಕಲಸಿದಾಗ ಸಣ್ಣ ಸಣ್ಣ ಮುದ್ದೆಯಲ್ಲಿ ಏಳೆಂಟು ಬೀಜ ಹುದುಗಿಸಿ ಹಿತ್ತಲ ಗೋಡೆಗೆ ತಟ್ಟುತ್ತಿದ್ದಳು. ಹುಳು ಹತ್ತಬಾರದು, ಇಲಿ ಮುಟ್ಟಬಾರದು ಎಂದು ಹೆಂಗಸರು ಕಂಡುಕೊಂಡ ದಾರಿ ಇದು. ಒಣಗಿದ ಮೇಲೆ ಪ್ರತಿ ಕುಳ್ಳಿನ ಮೇಲೂ ಐದು ಬೆರಳು ಮೂಡಿರುತ್ತಿದ್ದವು.

ಹಾಗೆ ಏಳು ಕುಳ್ಳು ತಟ್ಟಿದ ವರ್ಷ ಆಕೆಗೆ ಜ್ವರ ಬಂತು. ಮೂರೇ ದಿನ. ನಾಲ್ಕನೆಯ ದಿನ ಮಾನಪ್ಪನ ಮನೆಯಲ್ಲಿ ಒಲೆ ಹಚ್ಚುವವರಿಲ್ಲವಾದರು.

ದಿನಕರ್ಮಗಳು ಮುಗಿದು, ಮಗಳೂ ಗಂಡನ ಮನೆಗೆ ಮರಳಿದ ಮೇಲೆ ಮಾನಪ್ಪ ಒಂದು ಸಂಜೆ ಹಿತ್ತಲಿಗೆ ಹೋದ. ಇಳಿಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದು ಏಳು ಅಂಗೈಗಳು ಎದ್ದು ಕಾಣುತ್ತಿದ್ದವು. ಏಳನೆಯದರಲ್ಲಿ ಬೆರಳಿನ ಜೊತೆಗೆ ಬಳೆಯ ಅಂಚೂ ಒತ್ತಿ ಒಂದು ಸಣ್ಣ ಗೆರೆಯಾಗಿತ್ತು. ಕುಲುಮೆಯ ಮಸಿ ತೊಳೆದುಕೊಂಡು ಬಂದು ತನ್ನ ಅಂಗೈಯನ್ನು ಅದರ ಮೇಲಿಟ್ಟ. ಅವನ ಕೈ ದೊಡ್ಡದು. ಆ ಗುರುತಿನೊಳಗೆ ಕೂಡಲಿಲ್ಲ. ಆದರೂ ಬಹಳ ಹೊತ್ತು ಹಾಗೇ ನಿಂತ. ಆವತ್ತಿನಿಂದ ದಿನಾ ಸಂಜೆ ಅದೊಂದು ನೇಮವಾಯಿತು. ಗೋಡೆಯ ಮೇಲೆ ಮಳೆ ಬೀಳದಂತೆ ಚಪ್ಪರ ಇಳಿಸಿದ. ಹಬ್ಬಕ್ಕೆ ಮನೆಯೆಲ್ಲ ಸಾರಿಸಿದರೂ ಆ ಗೋಡೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬೀಜ ಕೇಳಲು ಬಂದ ನೆರೆಹೊರೆಯವರನ್ನು ಬಾಗಿಲಿನಿಂದಲೇ ಕಳಿಸಿದ. ಜನ ಮೊದಲು ಅಯ್ಯೋ ಎಂದರು, ಆಮೇಲೆ ತಲೆ ಕೆಟ್ಟಿದೆ ಎಂದರು, ಕಡೆಗೆ ಸುಮ್ಮನಾದರು.

ಆ ಮಾಘದಲ್ಲಿ ಅಜ್ಜನವರು ಜೋಳಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಕೊಡಬೇಕೆಂದರೆ ಕುಳ್ಳು ಒಡೆಯಬೇಕು. ಒಡೆದು ಕೊಟ್ಟರೂ "ಯಾರ ಬೀಜ?" ಎಂದು ಕೇಳುತ್ತಾರೆ. ಮಾನಪ್ಪ ಒಳಗೇ ಕೂತ. ಅಜ್ಜನವರು ಐದು ಸಲ ಪಂಚಾಕ್ಷರಿ ಹೇಳುವಷ್ಟು ಹೊತ್ತು ನಿಂತು ಮುಂದಿನ ಮನೆಗೆ ಹೋದರು. ಎರಡನೆಯ ವರ್ಷವೂ ಬಂದರು, ಹಾಗೇ ಹೋದರು. ಒಂದು ಮಾತು ಆಡಲಿಲ್ಲ. ಆಡಿದ್ದರೆ ಮಾನಪ್ಪನಿಗೆ ಸಿಟ್ಟು ಮಾಡಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಮೂರನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಮಗಳ ಊರಿನಿಂದ ಸುದ್ದಿ ಬಂತು. ರಾಚವ್ವನಿಗೆ ನಾಲ್ಕು ತುಂಬಿ ಐದರಲ್ಲಿ ಬಿದ್ದಿದೆ, ಊಟ ಸೇರುತ್ತಿಲ್ಲ, ಏನು ಬೇಕೆಂದರೆ ಅವ್ವನ ಸೌತೆಕಾಯಿ ಎನ್ನುತ್ತಾಳೆ. ಬಸುರಿಯ ಬಯಕೆ ತೀರಿಸುವುದು ತವರಿನ ಪಾಲಿನ ಕೆಲಸ. ತವರೆಂದರೆ ಈಗ ಮಾನಪ್ಪ ಒಬ್ಬನೇ.

ಅವನು ಗೋಡೆಯ ಮುಂದೆ ನಿಂತ. ಒಂದು ಕುಳ್ಳಿಗೆ ಕೈ ಹಾಕಿದ, ಕೀಳಲು ಮನಸ್ಸಾಗಲಿಲ್ಲ. ತಿರುಗಿ ಸಂತೆಗೆ ಹೋದ. ಬಾವಿಯ ನೀರಿನಲ್ಲಿ ಬೆಳೆದ ಸೌತೆಕಾಯಿಗಳ ರಾಶಿಯಲ್ಲಿ ತಿಳಿಹಸಿರಿನವನ್ನು, ಬಿಳಿಯ ಗೆರೆ ಇದ್ದವನ್ನು ಆರಿಸಿ ಆರಿಸಿ ಐದು ತೆಗೆದುಕೊಂಡ. ಮೂರು ಹರಿದಾರಿ ನಡೆದು ಮಗಳ ಮುಂದೆ ಇಟ್ಟು, ನಿಮ್ಮವ್ವನ ಬೀಜದ್ದೇ, ಹಿತ್ತಲಲ್ಲಿ ಹಾಕಿದ್ದೆ ಎಂದ. ಅವಳ ಮುಖ ಅರಳಿದ್ದನ್ನು ಅವನು ಸಾಯುವ ತನಕ ಮರೆಯಲಿಲ್ಲ. ರಾಚವ್ವ ಕೊಯ್ಯಲಿಲ್ಲ, ತಿಕ್ಕಲಿಲ್ಲ, ನೊರೆ ತೆಗೆಯಲಿಲ್ಲ. ತೊಟ್ಟಿನ ಕಡೆಯಿಂದ ಬಾಯಿತುಂಬ ಕಚ್ಚಿದಳು.

ಕಹಿ. ಉಗಿಯಲು ಹೊರಗೆ ಓಡಿದವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಬಂದಳು. ಬಯ್ಯಲಿಲ್ಲ.

"ಯಪ್ಪಾ, ಇದು ಅವ್ವನ ಸೌತಿಕಾಯಿ ಅಲ್ಲ," ಎಂದಷ್ಟೇ ಹೇಳಿ ಉಳಿದ ನಾಲ್ಕನ್ನೂ ಬುಟ್ಟಿಗೆ ಹಾಕಿ ಅವನ ಕಡೆ ಸರಿಸಿದಳು.

ಮರಳಿ ಬರುವಾಗ ದಾರಿಯುದ್ದಕ್ಕೂ ಮಾನಪ್ಪನಿಗೆ ತನ್ನ ಮೇಲೆ ಅಸಹ್ಯವಾಯಿತು. ಮಗಳಿಗೆ ಸುಳ್ಳು ಹೇಳಿದ್ದಕ್ಕೆ ಆಯಿತು. ಸುಳ್ಳು ಹೇಳಿದ ಮೇಲೂ ಕುಳ್ಳು ಒಡೆಯಲು ಮನಸ್ಸು ಒಪ್ಪುತ್ತಿಲ್ಲವಲ್ಲ ಎಂದು ಇನ್ನೂ ಹೆಚ್ಚು ಆಯಿತು. ಮನೆಗೆ ಹೋಗದೆ ನೇರವಾಗಿ ಮಠದ ಕಡೆ ನಡೆದ. ಅವನಿಗೊಂದು ಉಪಾಯ ಹೊಳೆದಿತ್ತು. ಮಹಾತ್ಮರ ಬಳಿ ಹೋಗುವವರಿಗೆ ಹೊಳೆಯುವ ಉಪಾಯಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ.

ಅಜ್ಜನವರು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ ಗುಣಿಗಳಿಗೆ ತಿಪ್ಪೆಗೊಬ್ಬರ ಬೆರೆಸುತ್ತಿದ್ದರು. ಮೊಣಕೈ ತನಕ ಮಣ್ಣು. ಮಾನಪ್ಪ ದೂರದಲ್ಲೇ ಅಡ್ಡಬಿದ್ದು ಮಗಳ ಸಂಗತಿಯನ್ನೆಲ್ಲ ಹೇಳಿದ, ಕಹಿ ಕಾಯಿಯದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಕೇಳಿದ:

"ಅಜ್ಜಾರ, ಒಂದೀಟು ಭಸ್ಮ ಮಂತ್ರಿಸಿ ಕೊಡ್ರಿ. ಆಕಿ ಬಯಕಿ ಇಳಿದು ಹೋಗ್ಲಿ."

ಅಜ್ಜನವರು ತಲೆಯೆತ್ತಿ ಅವನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲವೆಂದೂ, ಕೋಪವಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತೆಂದೂ ಮಾನಪ್ಪ ಮುಂದೆ ಹೇಳುತ್ತಿದ್ದ.

"ಬಯಕಿ ಇಳಿಸೋ ಭಸ್ಮ ನನ್ನ ಹತ್ರ ಇಲ್ಲಪ್ಪ. ನಡೀ, ನಿನ್ನ ಗೋಡಿ ತೋರಿಸು."

ಕೇಳದೆಯೇ ಗೋಡೆಯ ಸಂಗತಿ ಅವರಿಗೆ ತಿಳಿದದ್ದು ತ್ರಿಕಾಲಜ್ಞಾನವೆಂದು ಬರೆಯಲು ನಮಗೂ ಆಸೆಯೇ. ಆದರೆ ಆ ಗೋಡೆಯ ಸುದ್ದಿ ಊರಿನಲ್ಲಿ ಯಾರಿಗೆ ತಾನೇ ಗೊತ್ತಿರಲಿಲ್ಲ? ಪವಾಡವಿದ್ದದ್ದು ಅಲ್ಲಿ ಅಲ್ಲ. ಕಾಲು ತೊಳೆಯದೆ, ಕೈ ತೊಳೆಯದೆ, ಹಾಗೇ ಎದ್ದು ಊರಿನ ನಡುವೆ ಅವನ ಹಿಂದೆ ನಡೆದುಬಂದರಲ್ಲ, ಪಲ್ಲಕ್ಕಿಯಲ್ಲಿ ಕರೆದರೂ ಸಿರಿವಂತರ ಮನೆಗೆ ಹೋಗದ ಆ ಪುಣ್ಯಾತ್ಮರು, ನಮಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಗೋಡೆಯ ಮುಂದೆ ಬಂದು ಚಪ್ಪರದ ಕೆಳಗೆ ಬಗ್ಗಿ ಏಳು ಕುಳ್ಳುಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಮಾನಪ್ಪ ಎಣಿಸದ ಕೆಲಸ ಮಾಡಿದರು. ಮಣ್ಣುಗೈಯನ್ನು ಜೋಡಿಸಿ, ಗದ್ದುಗೆಗೆ ಮಣಿಯುವಂತೆ ಆ ಗೋಡೆಗೆ ತಲೆ ಬಾಗಿಸಿದರು. ಎದ್ದು ನಿಂತಾಗ ಅವರ ಕಣ್ಣು ಒದ್ದೆಯಾಗಿತ್ತು.

"ಈ ತಾಯಿ ತನ್ನ ಕೈ ಉಳೀಲಿ ಅಂತ ತಟ್ಟಲಿಲ್ಲೋ ಮಾನಪ್ಪ. ಬೀಜ ಉಳೀಲಿ ಅಂತ ತಟ್ಟಿದಳು."

ಇಷ್ಟೇ ಮಾತು. ಬೀಜ ಕೊಡೆಂದು ಕೇಳಲಿಲ್ಲ. ಜೋಳಿಗೆಯನ್ನೂ ತಂದಿರಲಿಲ್ಲ. ಹೇಗೆ ಬಂದಿದ್ದರೋ ಹಾಗೇ ಹೊರಟುಹೋದರು.

ಮಾನಪ್ಪ ಅಲ್ಲಿಯೇ ಕುಸಿದು ಕೂತ. ಎರಡು ವರ್ಷ ಬಾರದಿದ್ದ ಅಳು ಆಗ ಬಂತು. ಆಕೆ ಬದುಕಿದ್ದಾಗ ಸೌತೆಕಾಯಿ ಚೆನ್ನಾಗಿದೆ ಎಂದು ಒಂದು ಸಲ ಹೇಳಲಿಲ್ಲವೆಂದು ಅತ್ತ. ಬೇಸಿಗೆಯ ಮಧ್ಯಾಹ್ನ ಹಿತ್ತಲಲ್ಲಿ ಆಕೆ ಹಾಡಿಕೊಳ್ಳುತ್ತಿದ್ದಾಗ ಕಬ್ಬಿಣದ ಸದ್ದಿನಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲವೆಂದು ಅತ್ತ. ಅತ್ತು ಮುಗಿಸಿ, ತಾನೇ ಹಿಂದೊಮ್ಮೆ ಆಕೆಗೆ ಮಾಡಿಕೊಟ್ಟಿದ್ದ ಸಣ್ಣ ಕುರ್ಪಿಯನ್ನು ಒಳಮನೆಯ ಗೂಡಿನಿಂದ ತೆಗೆದ. ಹಿಡಿ ಆಕೆಯ ಕೈಯಲ್ಲಿ ಸವೆದು ನುಣ್ಣಗಾಗಿತ್ತು.

ಕಳೆ ತುಂಬಿದ ಹಿತ್ತಲನ್ನು ಕಡಿದು ಗುಣಿ ತೋಡತೊಡಗಿದ. ಕಂಬಾರನ ತೋಳು, ತೋಡಿದ್ದು ಮೊಣಕಾಲುದ್ದ. ನೆರೆಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿ, ಸೌತೆ ಹಾಕುತ್ತೀಯೋ ಬಾವಿ ತೆಗೆಯುತ್ತೀಯೋ ಎಂದು ಕೇಳಿ, ಬೀಜಕ್ಕೆ ಎರಡು ಬೆರಳು ಆಳ ಸಾಕೆಂದು ತಿಳಿಸಿಕೊಟ್ಟಳು. ಮಾನಪ್ಪ ತಲೆ ತಗ್ಗಿಸಿ ಕಲಿತ. ಗುಣಿಗಳಿಗೆ ಗೊಬ್ಬರ ತುಂಬಿ, ಕುಲುಮೆಯ ಬೂದಿ ಬೆರೆಸಿ, ಆಮೇಲೆ ಗೋಡೆಯ ಬಳಿ ಬಂದ.

ಆರು ಕುಳ್ಳು ಬಿಡಿಸಿದ. ಏಳನೆಯದನ್ನು, ಬಳೆಯ ಗೆರೆ ಇದ್ದುದನ್ನು, ಬಿಟ್ಟ. ಆರರಲ್ಲಿ ನಲವತ್ತಕ್ಕೂ ಮೇಲೆ ಬೀಜವಿರುವಾಗ ಇದೊಂದರ ಅಗತ್ಯವೇನು ಎಂದು ತನಗೆ ತಾನೇ ಹೇಳಿಕೊಂಡ. ಬೋಗುಣಿಯ ನೀರಿನಲ್ಲಿ ಇಟ್ಟ ಕುಳ್ಳುಗಳು ಮೆತ್ತಗಾಗಿ, ಮೊದಲು ಕಿರುಬೆರಳು, ಆಮೇಲೆ ಹೆಬ್ಬೆರಳು, ಕಡೆಗೆ ಅಂಗೈ ಕರಗಿಹೋಗುವುದನ್ನು ಕಣ್ಣು ತೆಗೆಯದೆ ನೋಡಿದ. ಬೀಜಗಳನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟು, ಎರಡೇ ಬೆರಳು ಆಳಕ್ಕೆ ಊರಿದ.

ಸೌತೆ ಹೆಚ್ಚೆಂದರೆ ಆರು ದಿನಕ್ಕೆ ಏಳುವ ಬೀಜ. ಬೆಳಗಾದರೆ ಮಾನಪ್ಪ ತಿದಿಯ ಕಡೆ ಹೋಗುತ್ತಿರಲಿಲ್ಲ. ಗುಣಿಯ ಮುಂದೆ ಕೂರುತ್ತಿದ್ದ. ಎಂಟಾಯಿತು, ಹತ್ತಾಯಿತು. ಹುಲ್ಲು ಎದ್ದಿತು, ಎಲ್ಲಿಂದಲೋ ಬಂದ ದತ್ತೂರಿ ಎದ್ದಿತು, ಸೌತೆ ಏಳಲಿಲ್ಲ. ಹನ್ನೊಂದನೆಯ ದಿನ ಮಣ್ಣು ಕೆದಕಿ ನೋಡಿದರೆ ಸಿಪ್ಪೆಗಳು ಬೆರಳಲ್ಲಿ ಒಡೆದವು, ಒಳಗೆ ಏನೂ ಇರಲಿಲ್ಲ. ಎರಡು ಬೇಸಿಗೆಯ ಬಿಸಿಲು ಕುಡಿದ ಗೋಡೆ ಅವುಗಳ ಜೀವವನ್ನೂ ಕುಡಿದಿತ್ತು. ಚಪ್ಪರದ ನೆರಳು ಸಂಜೆಯ ತನಕ ತಪ್ಪದೆ ಬೀಳುತ್ತಿದ್ದ ಜಾಗ ಒಂದೇ, ಏಳನೆಯದಿದ್ದ ಮೂಲೆ.

ಮತ್ತೆ ಮಠಕ್ಕೆ ಹೋದ. ಮೊಳೆಯಲಿಲ್ಲ ಎಂದ. ಅಜ್ಜನವರು ಸೋರೆಯ ಬಳ್ಳಿಗೆ ಕೋಲು ನೆಡುತ್ತಿದ್ದರು.

"ಎಲ್ಲಾನೂ ಹಾಕೀದೇನು?"

ಮಾನಪ್ಪ ಬಾಯಿ ತೆರೆದ. ಮಗಳ ಮುಂದೆ ಆಡಿದ ಸುಳ್ಳಿನ ಕಹಿ ಇನ್ನೂ ನಾಲಿಗೆಯಲ್ಲಿತ್ತು. ಇನ್ನೊಂದು ಆಡಲು ಆಗಲಿಲ್ಲ. ತಲೆ ತಗ್ಗಿಸಿ ನಿಂತ. ಅಜ್ಜನವರು ಅವನನ್ನು ಕೆಣಕಲಿಲ್ಲ, ಬುದ್ಧಿ ಹೇಳಲಿಲ್ಲ. ಕೋಲಿಗೆ ಹಂಬು ಸುತ್ತುತ್ತ, ತಮ್ಮ ಮನೆಯ ಮಾತು ಆಡುವವರಂತೆ ಹೇಳಿದರು:

"ಆ ತಾಯಿ ಸೌತಿಕಾಯಿ ತಿಂದು ನನಗೂ ಎರಡು ವರ್ಷ ಮ್ಯಾಲಾತು. ನಾನೂ ದಾರಿ ನೋಡಾಕತ್ತೀನಿ."

ಸರ್ವವನ್ನೂ ಬಿಟ್ಟವರೆಂದು ಊರೇ ಕಾಲಿಗೆರಗುವ ಮಹಾತ್ಮರು, ಒಂದು ಸೌತೆಕಾಯಿಗೆ ದಾರಿ ನೋಡುತ್ತಿದ್ದೇನೆ ಎನ್ನುತ್ತಾರೆ. ಮಾನಪ್ಪನಿಗೆ ಆ ಹೊತ್ತು ಒಂದು ಸಂಗತಿ ಹೊಳೆಯಿತು. ಆಕೆಗಾಗಿ ಹಂಬಲಿಸುವುದು ತಾನೊಬ್ಬನೇ ಎಂದು ಅವನು ಇಷ್ಟು ದಿನ ಅಂದುಕೊಂಡಿದ್ದ. ಗೋಡೆಗೆ ಕಾವಲು ನಿಂತದ್ದೂ ಅದಕ್ಕೇ. ಮಗಳು ಹಂಬಲಿಸುತ್ತಿದ್ದಳು, ನೆರೆಯ ಮುದುಕಿ ಹಂಬಲಿಸುತ್ತಿದ್ದಳು, ಜೋಳಿಗೆ ಹಿಡಿದು ಎರಡು ವರ್ಷ ಬಾಗಿಲಲ್ಲಿ ನಿಂತು ಹೋದ ಈ ಮುದುಕರೂ ಹಂಬಲಿಸುತ್ತಿದ್ದರು. ಎಲ್ಲರ ಪಾಲನ್ನೂ ತಾನೊಬ್ಬನೇ ಗೋಡೆಗೆ ಅಂಟಿಸಿಟ್ಟುಕೊಂಡಿದ್ದ.

ಅದು ಶಿವರಾತ್ರಿಯ ಹಿಂದಿನ ದಿನ. ಮನೆಗೆ ಬಂದವನು ಸಂಜೆಗೂ ಕಾಯಲಿಲ್ಲ. ಕೈ ತೊಳೆದು, ಏಳನೆಯ ಕುಳ್ಳಿನ ಮೇಲೆ ಕೊನೆಯ ಸಲ ಅಂಗೈ ಇಟ್ಟ. ಮೆಲ್ಲಗೆ ಬಿಡಿಸಿ ಬೋಗುಣಿಗೆ ಹಾಕಿದ. ಬೆರಳುಗಳು ಹೋದವು, ಅಂಗೈ ಹೋಯಿತು. ಬಳೆಯ ಗೆರೆ ಎಲ್ಲಕ್ಕಿಂತ ಕಡೆಗೆ ಹೋಯಿತು. ಎಂಟು ಬೀಜ ಸಿಕ್ಕವು.

ಐದನೆಯ ಬೆಳಗ್ಗೆ ಒಂದು ಗುಣಿಯಲ್ಲಿ ಮಣ್ಣು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮಧ್ಯಾಹ್ನಕ್ಕೆ ಬಗ್ಗಿದ ಕತ್ತಿನ ಮೊಳಕೆಯೊಂದು, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮೇಲೆ ಬಂತು. ಮರುದಿನ ಇನ್ನೆರಡು. ಎಂಟರಲ್ಲಿ ಮೂರು. ಮಾನಪ್ಪ ಯಾರನ್ನೂ ಕರೆಯಲಿಲ್ಲ. ಆ ಮೂರರ ಮುಂದೆ ನೆಲಕ್ಕೆ ಹಣೆ ಹಚ್ಚಿದ.

ಯುಗಾದಿ ಕಳೆಯಿತು. ಬಳ್ಳಿ ಹಬ್ಬಿ, ಹಳದಿ ಹೂ ಬಿಟ್ಟು, ಮೊದಲ ಕಾಯಿ ಕಚ್ಚಿತು. ಅವನ ಬಾಯಲ್ಲಿ ನೀರೂರಿತು, ಕಣ್ಣಲ್ಲೂ. ಆದರೆ ಅದನ್ನು ಕೀಳಲಿಲ್ಲ. ಒಳಗೆ ಹೋಗಿ ಆಕೆಯ ಹಳೆಯ ಸೀರೆಯ ಅಂಚನ್ನು ಹರಿದು ತಂದು, ಆ ಕಾಯಿಯ ತೊಟ್ಟಿಗೆ ಕಟ್ಟಿದ. ಬೀಜಕ್ಕೆ ಬಿಟ್ಟದ್ದು, ಯಾರೂ ಮುಟ್ಟಬಾರದು.

ಎರಡನೆಯ ಸುತ್ತಿನ ಕಾಯಿಗಳಲ್ಲಿ ಒಂದನ್ನು ಮಠಕ್ಕೆ ಒಯ್ದು ಕೊಟ್ಟ. ಉಳಿದ ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗಳ ಊರಿಗೆ ನಡೆದ. ರಾಚವ್ವನಿಗೆ ಏಳು ತುಂಬುತ್ತ ಬಂದಿತ್ತು. ಅವಳು ಕಾಯನ್ನು ಕೈಗೆತ್ತಿಕೊಂಡು ಅಪ್ಪನ ಮುಖ ನೋಡಿದಳು, ನಂಬಲೋ ಬೇಡವೋ ಎನ್ನುವ ಹಾಗೆ. ಮಾನಪ್ಪ ಈ ಸಲ ಏನೂ ಹೇಳಲಿಲ್ಲ. ಅವಳು ತೊಟ್ಟಿನ ಕಡೆಯಿಂದ, ಅಂಜುತ್ತ, ಸ್ವಲ್ಪವೇ ಕಚ್ಚಿದಳು. ಅಗಿಯುವುದು ನಿಂತಿತು. ಆಮೇಲೆ ಪೂರ್ತಿ ತಿಂದಳು, ತಿನ್ನುತ್ತ ತಿನ್ನುತ್ತ ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಎರಡನೆಯದನ್ನು ಮುರಿದು ಅರ್ಧವನ್ನು ಅಪ್ಪನ ಕೈಗಿಟ್ಟಳು. ತಂದೆ ಮಗಳು ಎದುರು ಬದುರು ಕೂತು ಸೌತೆಕಾಯಿ ತಿಂದರು.

ರಾಚವ್ವ ಹೆಣ್ಣು ಹೆತ್ತಳು. ಮಳೆ ಬಂತು, ಹೋಯಿತು. ದೀಪಾವಳಿಯಲ್ಲಿ ಮಾನಪ್ಪ ಗೋಡೆಯನ್ನೆಲ್ಲ ಹೊಸದಾಗಿ ಸಾರಿಸಿ, ಬೀಜ ಹುದುಗಿಸಿ, ಹನ್ನೆರಡು ಕುಳ್ಳು ತಟ್ಟಿದ. ಸುಟ್ಟ ಕಲೆಗಳ ಅಗಲವಾದ ಅಂಗೈ ಅದು, ನೋಡಲು ಚೆಂದವೇನೂ ಇರಲಿಲ್ಲ. ಅರ್ಧಕ್ಕರ್ಧ ನೆರೆಮನೆಯವರು ಬಂದು ಒಯ್ದರು.

ಮಾಘ ಬಂತು. ಮುತ್ತುಗ ಕೆಂಪಾಯಿತು. ಅಜ್ಜನವರು ಜೋಳಿಗೆ ಹಿಡಿದು ಓಣಿಯ ತುದಿಯಲ್ಲಿ ಕಾಣಿಸಿಕೊಂಡಾಗ ಮಾನಪ್ಪ ಆಗಲೇ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಂದು ಇಡೀ ಕುಳ್ಳು. ನೀರಿಗೆ ಹೊರಟ ಹೆಂಗಸರು ಇದೇನೆಂದು ಕೊಡ ಹಿಡಿದು ನಿಂತರು. ಅಜ್ಜನವರು ಬಂದು ನಿಂತು ಜೋಳಿಗೆ ಒಡ್ಡಿದರು.

"ಯಾರ ಬೀಜ?"

ಮಾನಪ್ಪ ಕುಳ್ಳನ್ನು ಮುಂದೆ ಚಾಚಿದ. ನಮ್ಮಾಕಿಯದು ಎಂದರೆ ಮುಗಿಯುತ್ತಿತ್ತು. ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅಜ್ಜನವರು ಕಾದರು. ಬೇರೆ ಯಾವ ಬಾಗಿಲಲ್ಲೂ ಅಷ್ಟು ಹೊತ್ತು ಕಾದವರಲ್ಲ. ಇದೇ ಹೊಸ್ತಿಲಲ್ಲಿ, ಅಡ್ಡ ನಿಂತ ಹೆಂಗಸರೆದುರಿಗೆ, ಅವನು ಗೊಣಗಿ ತಪ್ಪಿಸಿಕೊಂಡು ಒಳಗೆ ನುಗ್ಗಿ ಮೂವತ್ತು ವರ್ಷ ದಾಟಿತ್ತು.

"ಬಾಳವ್ವನ ಬೀಜ, ಅಜ್ಜಾರ."

ಹೇಳಿದ ಮೇಲೆ ಸಾಲದೆನಿಸಿತೋ ಏನೋ, ಓಣಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ. "ಬಾಳವ್ವನ ಬೀಜ." ಅಜ್ಜನವರು ಕುಳ್ಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಮಠದ ಹಿತ್ತಲಿನ ತನಕ ಕಾಯಲಿಲ್ಲ. ಅಲ್ಲಿಯೇ, ಆ ಬಾಗಿಲಲ್ಲಿಯೇ, "ಬಾಳವ್ವ" ಎಂದು ನುಡಿದು ಜೋಳಿಗೆಗೆ ಹಾಕಿಕೊಂಡರು.

ಮಾನಪ್ಪನ ದುಃಖ ಅಲ್ಲಿಗೆ ತೀರಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮಹಾತ್ಮರು ಅವನ ಹಂಬಲವನ್ನು ಕಿತ್ತುಕೊಳ್ಳಲಿಲ್ಲ. ಅದಕ್ಕೆ ನೆಲ ತೋರಿಸಿದರು. ಅಂದಿನಿಂದ ಸುತ್ತಿನ ಹಳ್ಳಿಗಳಲ್ಲಿ ಆ ಸೌತೆಗೆ ಬಾಳವ್ವ ಎಂದೇ ಹೆಸರಾಯಿತು. ಬೀಜ ಹಾಕಿದ ನಾಲ್ಕೈದು ದಿನಕ್ಕೆ, ಹೊಸ ಬಿಸಿಲಿನ ಬೆಳಗ್ಗೆ, ಹೆಂಗಸರು ಹಿತ್ತಲ ಗೋಡೆಗಳ ಮೇಲಿಂದ ಒಬ್ಬರನ್ನೊಬ್ಬರು ಕೂಗಿ ಕೇಳುತ್ತಿದ್ದರು:

"ಏನವಾ, ನಿಮ್ಮಲ್ಲಿ ಬಾಳವ್ವ ಬಂದ್ಲೇನು?"

ಕುಲುಮೆಯಲ್ಲಿ ಕೂತ ಮುದುಕ ಮಾನಪ್ಪನ ಕಿವಿಗೆ ಆ ಮಾತು ಬಿದ್ದಾಗಲೆಲ್ಲ ಅವನು ಎತ್ತಿದ ಸುತ್ತಿಗೆಯನ್ನು ತಡೆದು, ಗೋಡೆಯಾಚೆಯಿಂದ ಬರುವ ಉತ್ತರಕ್ಕೆ ಕಾಯುತ್ತಿದ್ದ.